ಯಂತ್ರಗಾನವೂ ಶಬ್ದಪಟ್ಟಿಕೆಯೂ

ನಾಲ್ಕು ಮಾತುಗಳನ್ನು ಬರೆದುಕೊಟ್ಟರೆ ಹಾಡನ್ನು ಕಟ್ಟಿಕೊಡುವ ಯಂತ್ರಗಳು ಈಗ ಜನರ ಕೈಗೆ ಬಂದಿರುವುವಷ್ಟೆ. 2023ರಲ್ಲಿ ಗೂಗಲ್ ಸಂಸ್ಥೆಯವರು ಮ್ಯೂಸಿಕ್‌ಎಲ್‌ಎಂ ಎಂಬುದನ್ನು ಪ್ರಕಟಿಸಿದರು. ಸುನೊ, ಯುಡಿಯೊ ಎಂಬುವೂ ಪ್ರಚಾರಕ್ಕೆ ಬಂದುವು. ಇವುಗಳ ಸಂಗಡ ಒಂದು ಹೊಸ ವಿದ್ಯೆಯೂ ಹುಟ್ಟಿರುವುದು. ಟೆಂಪೊ, ಕೀ, ಮೈನರ್, ಟಿಂಬರ್, ರಿವರ್ಬ್ ಮೊದಲಾದ ಶಬ್ದಗಳ ಪಟ್ಟಿಯನ್ನು ಕಂಠಪಾಠಮಾಡಿದವನಿಗೆ ಸಂಗೀತವೇ ಕರಗತವಾಯಿತೆಂದು ಕೆಲವರು ಸಾರುತ್ತಿರುವರು. ಅಮರಕೋಶವನ್ನು ಒಪ್ಪಿಸಿದವನೆಲ್ಲ ಕಾಳಿದಾಸನೆಂಬಂತಾಯಿತು!

ಪರಿಭಾಷೆಯು ವ್ಯರ್ಥವೆಂದು ಇಲ್ಲಿಯ ವಾದವಲ್ಲ. ಆದರೆ ಯಂತ್ರದಲ್ಲಿ ಶಬ್ದಕ್ಕಿರುವ ಸ್ಥಾನವೇನೆಂಬುದನ್ನು ತಿಳಿಯಬೇಕು. ಶಾಸ್ತ್ರದಲ್ಲಿ ಶಬ್ದವು ಲಕ್ಷಣವನ್ನು ಹೇಳುವುದು. ಯಂತ್ರಕ್ಕಾದರೋ ಅದು ಕೇವಲ ಸಾಹಚರ್ಯ. ಯಾವ ಧ್ವನಿಯ ಪಕ್ಕದಲ್ಲಿ ಯಾವ ಮಾತು ಬಹುವಾಗಿ ಕಂಡಿತೋ ಅದನ್ನು ಅದರೊಡನೆ ಹೊಂದಿಸುವುದಷ್ಟೇ ಅದರ ಅಭ್ಯಾಸ. ಗೂಗಲಿನವರು ಪರೀಕ್ಷೆಗಾಗಿ 5,521 ಧ್ವನಿಖಂಡಗಳಿಗೆ ಸಂಗೀತಗಾರರಿಂದ ವರ್ಣನೆಯನ್ನು ಬರೆಯಿಸಿದರು. ಒಂದೊಂದು ಖಂಡವೂ 10 ಸೆಕೆಂಡಿನದು. ಅಷ್ಟರೊಳಗೆ ಆಲಾಪನೆಯು ಷಡ್ಜವನ್ನು ಬಿಟ್ಟು ಎಷ್ಟು ದೂರ ನಡೆದೀತು?

ಹಿಂದೂಸ್ತಾನಿ ಪದ್ಧತಿಯ ಭೂಪಾಲಿಯನ್ನೂ ದೇಶಕಾರವನ್ನೂ ನೋಡಬಹುದು. ಎರಡಕ್ಕೂ ಸ್ವರಗಳು ಅವೇ ಐದು: ಸ, ರಿ, ಗ, ಪ, ದ. ಪಟ್ಟಿಕಾರರು ಎರಡನ್ನೂ ಪೆಂಟಟಾನಿಕ್ ಎಂಬ ಒಂದೇ ಚೀಲಕ್ಕೆ ತುಂಬುವರು. ನಮ್ಮ ಮೋಹನವೂ ಅದರೊಳಗೇ ಬೀಳುವುದು. ಭೂಪಾಲಿಯಲ್ಲಿ ವಾದಿಯು ಗಾಂಧಾರ, ದೇಶಕಾರದಲ್ಲಿ ಧೈವತ. ಒಂದು ಪೂರ್ವಾಂಗದಲ್ಲಿ ನೆಲೆಸುವುದು, ಇನ್ನೊಂದು ಉತ್ತರಾಂಗಕ್ಕೇರಿ ಅಲ್ಲಿಯೇ ವಿಹರಿಸುವುದು. ಅದು ರಾತ್ರಿಯ ಮೊದಲ ಜಾವಕ್ಕೆ ಸಲ್ಲುವುದು, ಇದು ಬೆಳಗಿಗೆ. ಈ ಭೇದವು ಸ್ವರಗಳ ಎಣಿಕೆಯಲ್ಲಿಲ್ಲ, ನಡೆಯಲ್ಲಿದೆ. ಪ್ರಾಂಪ್ಟಿನಲ್ಲಿ ರಾಗದ ಹೆಸರನ್ನು ಬರೆದು, ಬಂದುದರಲ್ಲಿ ಸಿತಾರಿನ ನಾದವೂ ತಂಬೂರಿಯ ಝೇಂಕಾರವೂ ಕೇಳಿಸಿತೆಂದು ತೃಪ್ತರಾಗುವವರು ಉಡುಪನ್ನು ನೋಡಿ ಕುಲವನ್ನು ಹೇಳುವವರು.

ಬಿಪಿಎಂ ಎಂಬುದೂ ಹೀಗೆಯೇ. ಮಾಲ್ಟ್ಸೆಲನು 1815ರಲ್ಲಿ ಪೇಟೆಂಟ್ ಪಡೆದ ಮೆಟ್ರೋನೋಮಿಗೆ 120 ಎಂದರೆ ನಿಮಿಷಕ್ಕೆ 120 ಪೆಟ್ಟೇ ಸರಿ. ಪ್ರಾಂಪ್ಟಿನ 120 ಆಜ್ಞೆಯಲ್ಲ, ಸೂಚನೆ. ಅದನ್ನು ನಡೆಯಿಸಿದರೂ ವೇಗವು ಸಿಕ್ಕಿತೇ ಹೊರತು ತಾಳವು ಸಿಕ್ಕಲಿಲ್ಲ. ಒಂದೇ ವೇಗದಲ್ಲಿ ಆದಿತಾಳವೂ ನಡೆಯುವುದು, ಮಿಶ್ರಚಾಪುವೂ ನಡೆಯುವುದು. ಮೈನರ್ ಎಂದರೆ ಶೋಕವೆಂದು ಬರೆಯುವವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಹಜ ಮೈನರಿನ ಸ್ವರಗಳೇ 20ನೆಯ ಮೇಳವಾದ ನಠಭೈರವಿಯವು. ಆ ಮೇಳದಲ್ಲಿ ಹುಟ್ಟಿದ ರಾಗಗಳೆಲ್ಲವೂ ಅಳುತ್ತಲೇ ಇರುವುವೆ?

ಶಬ್ದಪಟ್ಟಿಕೆಗಳನ್ನು ಮಾರುವ ಮಹನೀಯರು ಭೂಪಾಲಿಯೆಂದು ಬರೆದು ಪಡೆದ ಹಾಡೊಂದನ್ನು ಸಭೆಯಲ್ಲಿ ಕೇಳಿಸಿ, ಗಾಂಧಾರವು ಎಲ್ಲಿ ನಿಂತಿತು, ಧೈವತವು ಎಲ್ಲಿ ಮೇಲುಗೈಯಾಯಿತು ಎಂದು ತೋರಿಸಲಿ. ತೋರಿಸಬಲ್ಲವರ ಪಟ್ಟಿಯನ್ನು ಹಣಕೊಟ್ಟು ಕೊಳ್ಳಬಹುದು. ತೋರಿಸಲಾರದವರು, ಯಂತ್ರವು ಕೊಟ್ಟುದನ್ನು ಇದೇ ಭೂಪಾಲಿಯೆಂದು ಸರಳೆವರಸೆ ಕಲಿಯುವ ಮಕ್ಕಳಿಗೆ ಹೇಳಿಕೊಡದಿದ್ದರೆ ಸಾಕು.