ಬೆಕ್ಕಿನ ದೆವ್ವಕ್ಕಿಂತ ಮನೆ ಯಜಮಾನನೇ ಭಯಂಕರ

ದೆವ್ವದ ಕಾರ್ಟೂನ್ ಅಂದರೆ ಮಕ್ಕಳಾಟ ಎನ್ನುವವರು ಜಪಾನಿನ 'ಅಯಕಾಶಿ' ಸರಣಿಯ 'ಬಕೆನೆಕೊ' ಕಥೆ ನೋಡಬೇಕು ಅಂತೀವಿ ನಾವು. 2006ರದ್ದು, ಮೂರೇ ಕಂತು. (ಮಕ್ಕಳಿಗೆ ಮಾತ್ರ ತೋರಿಸಬೇಡಿ.)

ಸಕಾಯಿ ಎಂಬ ಸಮುರಾಯ್ ಮನೆತನದ ದೊಡ್ಡಮನೆ. ಮದುವೆಗೆ ಹೊರಡುವ ಹೊತ್ತಲ್ಲಿ ಹೊಸ್ತಿಲ ಬಳಿಯೇ ಮದುಮಗಳು ಸತ್ತು ಬೀಳುತ್ತಾಳೆ. ಅಲ್ಲಿಗೆ ಬಂದಿದ್ದ ಔಷಧಿ ಮಾರುವವನ ಹತ್ತಿರ ದೆವ್ವ ಕೊಲ್ಲುವ ಕತ್ತಿ ಇದೆ. ಆದರೆ ಅದು ಒರೆಯಿಂದ ಸುಮ್ಮನೆ ಈಚೆ ಬರಲ್ಲ. ದೆವ್ವದ ರೂಪ ಯಾವುದು, ನಡೆದದ್ದೇನು, ಅದರ ಸಂಕಟವೇನು, ಮೂರೂ ತಿಳಿಯಬೇಕು.

ನಮಗೆ ಹಿಡಿಸಿದ್ದು ಈ ಷರತ್ತೇ. ನಮ್ಮ ಸಿನಿಮಾದ ಮಂತ್ರವಾದಿ ನಿಂಬೆಹಣ್ಣು ಕುಯ್ದು ಕೆಲಸ ಮುಗಿಸುತ್ತಾನೆ. ಇಲ್ಲಿ ಮನೆಯವರು ಬಾಯಿ ಬಿಡಲೇಬೇಕು. ಮುದಿ ಯಜಮಾನ ಮೊದಲು ಚಂದದ ಕಥೆ ಕಟ್ಟುತ್ತಾನೆ: ತಮಾಕಿ ಎಂಬ ಹೆಣ್ಣು ತನ್ನ ಜೊತೆ ಸುಖವಾಗಿದ್ದಳಂತೆ. ನಿಜ ಬೇರೆ. ಮದುವೆಗೆ ಹೊರಟಿದ್ದವಳನ್ನು ಹೊತ್ತು ತಂದು, ಮನೆಯೊಳಗೇ ಕೂಡಿಹಾಕಿ, ಹಿಂಸಿಸಿ ಸಾಯಿಸಿದ್ದರು. ಅವಳಿಗಿದ್ದ ಜೊತೆ ಅಂದರೆ ಒಂದು ಬೆಕ್ಕಿನ ಮರಿ. ತನ್ನ ಪಾಲಿನ ಊಟ ಅದಕ್ಕೆ ಹಾಕಿ ಸಾಕಿದಳು. ಕೊನೆಗೆ ಅದನ್ನಾದರೂ ಹೊರಗೆ ದಾಟಿಸಿದಳು.

ನಮ್ಮದೊಂದು ತಕರಾರಿದೆ. ಸತ್ತ ಮದುಮಗಳು ಮಾಡಿದ ತಪ್ಪೇನು? ಮನೆಯ ಸಾಲಕ್ಕಾಗಿ ಮದುವೆ ಮಾಡಿ ಕಳಿಸುತ್ತಿದ್ದ ಹುಡುಗಿ ಅವಳು. ಕಥೆ ಅವಳನ್ನು ಬೇಗ ಮರೆಯುತ್ತದೆ.

ಬದುಕುಳಿದವರಲ್ಲಿ ಕೆಲಸದ ಹುಡುಗಿ ಕಾಯೊ ಒಬ್ಬಳು. 2007ರ 'ಮೊನೊನೊಕೆ' ಸರಣಿಯಲ್ಲಿ ಔಷಧಿ ಮಾರುವವನೇ ನಾಯಕ. ಕಾಯೊ ಕೂಡ ಅಲ್ಲಿ ಮತ್ತೆ ಸಿಗುತ್ತಾಳೆ, ಹಡಗಿನ ಮೇಲೆ.