ಹಡಗಾಗಿ ಹೋದ ಮೇರಿ

ಅಸಲು ಯಾವುದು, ನಕಲು ಯಾವುದು ಎಂದು ತೂಗಲು ಕೂರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಚಿನ್ನದ ಅಂಗಡಿಯಲ್ಲಿ, ರೇಷ್ಮೆ ಸೀರೆಯ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಲೇಬೇಕು, ಒಪ್ಪುತ್ತೇನೆ. ಹಾಡಿನ ವಿಷಯದಲ್ಲಿ ಇದನ್ನು ಕೇಳುವವರು ಮಾತ್ರ ಸಾಮಾನ್ಯವಾಗಿ ಹಾಡನ್ನು ಕೇಳಿಸಿಕೊಂಡಿರುವುದಿಲ್ಲ, ಡಿಸ್ಕಿನ ಮೇಲಿನ ಇಸವಿಯನ್ನು ಓದಿಕೊಂಡಿರುತ್ತಾರೆ.

ನಾನೀಗ ಜಗಳಕ್ಕೆ ನಿಂತಿರುವುದು ಒಂದು ಅಮೆರಿಕನ್ ಹಾಡಿನ ಸಲುವಾಗಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳಿಗೆ ಅದರ ಗೊಡವೆ ಏಕೆ ಎಂದು ನೀವು ಹುಬ್ಬೇರಿಸಬಹುದು. ನಮ್ಮ ತಂಗಿಯ ಮಗನೂ ಅವನ ಮೂವರು ಸ್ನೇಹಿತರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವರು. ರಜೆಗೆ ಬಂದರೆ ನಮ್ಮ ಪಡಸಾಲೆಯಲ್ಲಿ ಕೂತು, ಒಂದೇ ಹಾಡನ್ನು ಬೇರೆ ಬೇರೆಯವರು ಹಾಡಿದ್ದನ್ನು ಒಂದರ ಹಿಂದೊಂದು ಹಾಕಿ ಅಂಕ ಕೊಡುತ್ತಾರೆ. ನಾನು 28 ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿರುವವಳು. ಅಂಕ ಕೊಡುವ ಧಾಟಿ ನೋಡಿದರೆ ಸಾಕು, ಉತ್ತರ ಓದಿ ಕೊಟ್ಟದ್ದೋ ಹುಡುಗನ ಹೆಸರು ನೋಡಿ ಕೊಟ್ಟದ್ದೋ ತಿಳಿದುಹೋಗುತ್ತದೆ. ಅವರ ಅಚ್ಚುಮೆಚ್ಚಿನ ಪ್ರಶ್ನೆಪತ್ರಿಕೆ ‘ಪ್ರೌಡ್ ಮೇರಿ’ ಎಂಬ ಹಾಡು. ಜಂಬದ ಮೇರಿ ಎನ್ನಿ, ಅಭಿಮಾನದ ಮೇರಿ ಎನ್ನಿ. ತೀರ್ಪು ಎಂದೂ ಬದಲಾಗುವುದಿಲ್ಲ. ಮೊದಲು ಹಾಡಿದ ಗಂಡಸರ ತಂಡಕ್ಕೆ ಮೊದಲ ಸ್ಥಾನ. ಟೀನಾ ಟರ್ನರ್ ಹಾಡಿದ್ದು ‘ಚೆನ್ನಾಗಿದೆ, ಆದರೆ ಕವರ್’. ಕವರ್ ಎಂದರೆ ಒಬ್ಬರು ಮೊದಲು ಹಾಡಿದ್ದನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡುವುದು. ಆ ‘ಆದರೆ’ ಎಂಬ ಮೂರಕ್ಷರ ನನಗೆ ಮೈಯುರಿ.

“ಅವಳು ಕಿರುಚ್ತಾಳೆ ದೊಡ್ಡಮ್ಮ, ಆ ಜೌಗಿನ ಹದಾನೇ ಹೋಯ್ತು. ನಿಂಗಿದು ಗೊತ್ತಾಗಲ್ಲ ಬಿಡು.”

ಗೊತ್ತಾಗದೆ ಏನು? ಈ ಬಗೆಯ ಹಾಡುಗಳಿಗೆ ಸ್ವಾಂಪ್ ರಾಕ್ ಎನ್ನುತ್ತಾರೆ, ಜೌಗು ನೆಲದ ಹಾಡು. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಲೂಸಿಯಾನ ರಾಜ್ಯದಲ್ಲಿ, ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಕಾಲುವೆಗಳಿವೆ. ಅವಕ್ಕೆ ಬಯೂ ಎಂದು ಹೆಸರು. ಹತ್ತಿ ಹೊಲದ ಕಪ್ಪು ಕೂಲಿಗಳ ಬ್ಲೂಸ್ ಎಂಬ ನೋವಿನ ಹಾಡಿಗೆ ರಾಕ್ ಸಂಗೀತದ ತಾಳ ಕೂಡಿಸಿ, ಗಿಟಾರಿನ ನಾದವನ್ನು ನಡುಗಿಸಿ, ನಡಿಗೆಯನ್ನು ಸ್ವಲ್ಪ ಸೋಮಾರಿಯಾಗಿಸಿದರೆ ಆ ಜೌಗಿನ ಹದ ಬರುತ್ತದೆ. ಇರಲಿ. 1969ರ ಜನವರಿಯಲ್ಲಿ ಈ ಹಾಡನ್ನು ಮೊದಲು ಹೊರತಂದ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್’ ತಂಡದ ನಾಲ್ವರು ಹುಡುಗರು ಎಲ್ಲಿಯವರು ಗೊತ್ತೆ? ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಎಂಬ ಊರಿನವರು. ಲೂಸಿಯಾನದ ಕೆಸರಿಗೂ ಅವರ ಚಪ್ಪಲಿಗೂ ನಡುವೆ ಸುಮಾರು 3000 ಕಿಲೋಮೀಟರ್. 1968ರಲ್ಲಿ ಅವರಿಗೆ ಮೊದಲು ಹೆಸರು ತಂದ ‘ಸೂಸಿ ಕ್ಯೂ’ ಅವರದೇ ಹಾಡಲ್ಲ, ಲೂಸಿಯಾನದ ಡೇಲ್ ಹಾಕಿನ್ಸ್ 1957ರಲ್ಲೇ ಹಾಡಿದ್ದು. ಅಂದರೆ ಅದು ಕವರ್. ‘ಪ್ರೌಡ್ ಮೇರಿ’ ಬರೆದು ಹಾಡಿದ ಜಾನ್ ಫಾಗರ್ಟಿ ಅದರ ಆರಂಭದ ಸ್ವರಗಳು ಬೀಥೋವನ್‌ನ ಐದನೆಯ ಸಿಂಫನಿಯಿಂದ ಹೊಳೆದದ್ದು ಎಂದು ತಾನೇ ಹೇಳಿಕೊಂಡಿದ್ದಾನೆ. ಹಾಗಾದರೆ ಅಸಲು ಎಲ್ಲಿಂದ ಶುರು ಮಾಡೋಣ, ವಿಯೆನ್ನಾದಿಂದಲೇ?

ನಾನು ಫಾಗರ್ಟಿಯನ್ನು ಹಳಿಯುತ್ತಿಲ್ಲ. ಕಾಣದ ನದಿಯ ಮೇಲೆ ಹಾಡು ಕಟ್ಟುವುದು ತಪ್ಪಲ್ಲ, ಕವಿಗಳು ಮಾಡಿಕೊಂಡು ಬಂದದ್ದೇ ಅದು. ಆತ ಸೈನ್ಯದ ಮೀಸಲು ಪಡೆಯಿಂದ ಬಿಡುಗಡೆಯ ಕಾಗದ ಬಂದ ಸಂತೋಷದಲ್ಲಿ ಈ ಹಾಡು ಬರೆದ. ಪಟ್ಟಣದ ಕೆಲಸ ಬಿಟ್ಟ ಒಬ್ಬಾತ ನದಿಯ ಹಡಗು ಹತ್ತಿ ನಿಶ್ಚಿಂತನಾಗುತ್ತಾನೆ. ಅದಕ್ಕೆ ಮುಂಚೆ ಮೆಂಫಿಸ್ ಪಟ್ಟಣದಲ್ಲಿ ಆತ ಬೇಕಾದಷ್ಟು ತಟ್ಟೆ ತೊಳೆದವನು. ಮೇರಿ ಎನ್ನುವುದು ಆ ಹಡಗಿನ ಹೆಸರು.

ಆದರೆ ಮೊದಲಿಗೆ ಮೇರಿ ಹಡಗಾಗಿರಲಿಲ್ಲ. ಫಾಗರ್ಟಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಡಿಗಿಂತ ಮೊದಲೇ ಈ ಹೆಸರು ಬರೆದಿಟ್ಟುಕೊಂಡಿದ್ದ, ಆಗ ಅವನ ಮನಸ್ಸಿನಲ್ಲಿದ್ದದ್ದು ಶ್ರೀಮಂತರ ಮನೆಯ ಕೆಲಸದ ಹೆಂಗಸು. ಬೆಳಿಗ್ಗೆ ಬಸ್ಸಿಳಿದು ಬರುತ್ತಾಳೆ, ಇಡೀ ಸಂಸಾರವನ್ನು ಎತ್ತಿಹಿಡಿದು ನಡೆಸುತ್ತಾಳೆ, ಸಂಜೆ ತನ್ನ ಮನೆಗೆ ಹೋಗುತ್ತಾಳೆ. ಇದನ್ನು ಹೇಳಿರುವವನೂ ಅವನೇ. ಹಾಡು ಕಟ್ಟುತ್ತಾ ಕಟ್ಟುತ್ತಾ ಆಕೆ ಕರಗಿ ಹಡಗಾದಳು. ತೊಳೆದ ತಟ್ಟೆಗಳೂ ಗಂಡಸಿನ ಲೆಕ್ಕಕ್ಕೆ ಹೋದವು! ನಮ್ಮ ಹುಡುಗರು ಗಿಟಾರಿನ ತಂತಿ ಎಷ್ಟು ನಡುಗಿತು ಎಂಬುದನ್ನು ಅರ್ಧ ಗಂಟೆ ಚರ್ಚಿಸುತ್ತಾರೆ. ಈ ಕೆಲಸದಾಕೆ ಎಲ್ಲಿಗೆ ಹೋದಳೆಂದು ಒಬ್ಬರೂ ಕೇಳುವುದಿಲ್ಲ. ಅವರನ್ನೇ ಏಕೆ ಅನ್ನಬೇಕು, ಬೆಳಿಗ್ಗೆ ಆರೂವರೆಗೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಮುಸುರೆ ಪಾತ್ರೆಗೆ ಕೈಹಾಕುವಾಕೆ ಎರಡು ದಿನ ಬಾರದಿದ್ದಾಗ ನಮ್ಮಲ್ಲಿ ಎಷ್ಟು ಜನ ಆಕೆಯ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಬಲ್ಲೆವು?

ಇನ್ನು ‘ನಕಲು’ ಮಾಡಿದವರ ಕಡೆ ನೋಡಿ. ಅದೇ 1969ರಲ್ಲಿ ಸಾಲೊಮನ್ ಬರ್ಕ್ ಎಂಬ ಕಪ್ಪು ಗಾಯಕ ಈ ಹಾಡನ್ನೆತ್ತಿಕೊಂಡ. ಹಾಡುವ ಮುನ್ನ ನಾಲ್ಕು ಮಾತು ಆಡುತ್ತಾನೆ. ಈ ಹಡಗು ಏನೆಂದು ನಿಮಗೆ ಗೊತ್ತೆ, ನಮ್ಮ ಹಿರಿಯರೆಲ್ಲ ಇದರ ಕೆಳ ಅಂತಸ್ತಿನಲ್ಲಿ ಒಲೆಗೆ ಉರುವಲು ಹಾಕುವವರಾಗಿ, ಅಡುಗೆಯವರಾಗಿ, ಬಡಿಸುವವರಾಗಿ ಹೋದವರು, ದೊಡ್ಡವನಾದ ಮೇಲೆ ನಾನೂ ಇದನ್ನು ಹತ್ತುತ್ತೇನೆಂದು ಪಣ ತೊಟ್ಟಿದ್ದೆ, ಎಂಬ ಅರ್ಥದ ಮಾತು. ಅಷ್ಟೆ. ಮುಂದಿನ ಹಾಡು ಬೇರೆಯೇ ಆಗಿಬಿಡುತ್ತದೆ. ಫಾಗರ್ಟಿಯ ಹಡಗಿನಲ್ಲಿ ನಾವು ಮೇಲಂತಸ್ತಿನಲ್ಲಿ ಗಾಳಿಗೆ ಮುಖವೊಡ್ಡಿ ನಿಂತಿದ್ದೆವು. ಬರ್ಕ್ ನಮ್ಮ ಕೈಹಿಡಿದು ಬಾಯ್ಲರಿನ ಕೋಣೆಗೆ ಇಳಿಸುತ್ತಾನೆ. ಇದಕ್ಕೆ ನಮ್ಮ ಪಡಸಾಲೆಯ ಪರೀಕ್ಷಕರು ಕೊಟ್ಟದ್ದು ಹತ್ತಕ್ಕೆ ಐದು. ಕಾರಣ, ‘ಮಾತು ಜಾಸ್ತಿ’.

ಟೀನಾಳ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹುಟ್ಟುಹೆಸರು ಆ್ಯನಾ ಮೇ ಬುಲಕ್. 1939ರಲ್ಲಿ ಟೆನೆಸಿ ರಾಜ್ಯದಲ್ಲಿ ಹುಟ್ಟಿ ನಟ್‌ಬುಷ್ ಎಂಬ ಹಳ್ಳಿಯಲ್ಲಿ ಬೆಳೆದವಳು, ಹಾಡಿನಲ್ಲಿ ಬರುವ ಮೆಂಫಿಸ್ ಇರುವುದೂ ಅದೇ ರಾಜ್ಯದಲ್ಲಿ. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದ್ದಳು. ತಾಯಿ ಮನೆ ಬಿಟ್ಟು ಹೋದಳು. ಹದಿಹರೆಯದಲ್ಲಿ ಬಿಳಿಯರ ಮನೆಯೊಂದರಲ್ಲಿ ಮನೆಗೆಲಸ ಮಾಡಿದಳು. ಅಂದರೆ ಹಾಡು ಯಾರನ್ನು ಹಡಗು ಮಾಡಿ ಕಳಿಸಿತ್ತೋ ಆಕೆಯೇ ಬಂದು ಮೈಕಿನ ಮುಂದೆ ನಿಂತ ಹಾಗಾಯಿತು. ಇದನ್ನು ಕವರ್ ಎಂದು ಬದಿಗೆ ಸರಿಸುವವರ ಧೈರ್ಯಕ್ಕೆ ಏನು ಹೇಳಲಿ!

ಆ ಧ್ವನಿಮುದ್ರಣ ಸಿಂಗಲ್ ಡಿಸ್ಕ್ ಆಗಿ ಹೊರಬಂದದ್ದು 1971ರಲ್ಲಿ, ಗಂಡ ಐಕ್ ಟರ್ನರನ ತಂಡದ ಜೊತೆ ಹಾಡಿದ್ದು. ಮೊದಲ ಭಾಗವನ್ನು ಮೆಲ್ಲಗೆ ಹಾಡುತ್ತೇವೆ, ಕೊನೆಯನ್ನು ಒರಟಾಗಿ ಹಾಡುತ್ತೇವೆ ಎಂದು ಆಕೆ ಮೊದಲೇ ಹೇಳಿಬಿಡುತ್ತಾಳೆ. ಮೆಲ್ಲಗೆ ಹಾಡುವಾಗ ಹಿಂದಿನಿಂದ ಗಂಡನ ತಗ್ಗಿನ ದನಿ ಗುಂಯ್‌ಗುಡುತ್ತಲೇ ಇರುತ್ತದೆ. ಆಮೇಲೆ ಒಮ್ಮೆಲೇ ಕಟ್ಟೆ ಒಡೆದಂತೆ ವೇಗ. ಅಲ್ಲಿಂದ ಮುಂದೆ ಯಾರ ದನಿಯೂ ಆಕೆಯನ್ನು ಹಿಡಿದಿಡಲಾರದು. ಆ ಮನುಷ್ಯ ಮನೆಯಲ್ಲಿ ಆಕೆಗೆ ಹೊಡೆಯುತ್ತಿದ್ದುದನ್ನು ಆಕೆ 1986ರಲ್ಲಿ ಹೊರಬಂದ ಆತ್ಮಕಥೆ ‘ಐ, ಟೀನಾ’ದಲ್ಲಿ ಬಿಚ್ಚಿಟ್ಟಿದ್ದಾಳೆ. ಟೀನಾ ಎಂಬ ಹೆಸರು ಇಟ್ಟವನೂ ಅವನೇ. ಇವಳು ಬಿಟ್ಟುಹೋದರೆ ಇನ್ನೊಬ್ಬಳನ್ನು ತಂದು ಅದೇ ಹೆಸರಿನಲ್ಲಿ ನಿಲ್ಲಿಸಬಹುದೆಂದು ಹೆಸರನ್ನು ನೋಂದಾಯಿಸಿಯೂ ಇಟ್ಟಿದ್ದ. ಹೆಂಡತಿಗೂ ಕವರ್! ಆ ಹಾಡಿನ ಓಟದಲ್ಲಿ ಆಕೆ ಇದನ್ನೆಲ್ಲ ಉದ್ದೇಶಪೂರ್ವಕ ತುಂಬಿದಳೆಂದು ನಾನು ಹೇಳುತ್ತಿಲ್ಲ. ಐದು ವರ್ಷದ ನಂತರ, 1976ರ ಜುಲೈನಲ್ಲಿ, ಡಲ್ಲಾಸ್ ನಗರದ ಹೋಟೆಲಿನಿಂದ ಆಕೆ ರಕ್ತದ ಕಲೆಯ ಬಟ್ಟೆಯಲ್ಲೇ ಓಡಿಹೋದಳು. ಕೈಯಲ್ಲಿದ್ದದ್ದು 36 ಸೆಂಟ್ ಮತ್ತು ಪೆಟ್ರೋಲ್ ಹಾಕಿಸುವ ಒಂದು ಕಾರ್ಡು. ವಿಚ್ಛೇದನ 1978ರಲ್ಲಿ ಮುಗಿದಾಗ ಆಕೆ ಪಟ್ಟು ಹಿಡಿದು ಉಳಿಸಿಕೊಂಡದ್ದು ಆ ಹೆಸರನ್ನು. ಯಾರೋ ಇಟ್ಟ ಹೆಸರು, ಯಾರೋ ಬರೆದ ಹಾಡು, ಎರಡನ್ನೂ ತನ್ನದಾಗಿಸಿಕೊಳ್ಳುವುದಕ್ಕೆ ಎಷ್ಟು ಬೆಲೆ ತೆತ್ತಳೆಂದು ಲೆಕ್ಕ ಹಾಕಿ, ಆಮೇಲೆ ಕಿರುಚಾಟ ಎನ್ನಿ.

‘ಬರೆದವನದು ಸೃಷ್ಟಿ, ಹಾಡಿದವಳದು ಬರಿಯ ಗಂಟಲು’ ಎಂಬ ಭಾವನೆ ಅಭಿಮಾನಿಗಳ ಪಡಸಾಲೆಯಲ್ಲಿ ಮಾತ್ರ ಇಲ್ಲ, ಕಾನೂನಿನಲ್ಲೂ ಇದೆ. ಅಮೆರಿಕದಲ್ಲಿ ಒಮ್ಮೆ ಡಿಸ್ಕ್ ಆಗಿ ಹೊರಬಂದ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಿ ಡಿಸ್ಕ್ ಮಾಡಬಹುದು, ಹಾಡಿನ ಒಡೆಯರಿಗೆ ಗೊತ್ತುಪಡಿಸಿದ ಹಣ ಕೊಟ್ಟರಾಯಿತು. 1909ರ ಕಾಯಿದೆ ಇದನ್ನು ಒಂದು ಪ್ರತಿಗೆ 2 ಸೆಂಟ್ ಎಂದು ನಿಗದಿ ಮಾಡಿತ್ತು, 1971ರಲ್ಲೂ ಅದೇ ದರ. ಇಲ್ಲಿಯವರೆಗೆ ನ್ಯಾಯವೇ. ಆದರೆ ಹಾಡನ್ನು ಎಷ್ಟೇ ತಿರುವಿ ಹೊಸದಾಗಿ ಕಟ್ಟಿದರೂ ಒಡೆಯರು ಒಪ್ಪದ ಹೊರತು ಆ ಹೊಸ ಕಟ್ಟೋಣದ ಮೇಲೆ ಕಟ್ಟಿದವರಿಗೆ ಹಕ್ಕಿಲ್ಲ. ಇನ್ನೂ ಒಂದಿದೆ. ಅಲ್ಲಿನ ರೇಡಿಯೋ ಸ್ಟೇಷನ್ನುಗಳು ಡಿಸ್ಕ್ ಹಾಕಿದಾಗ ಬರೆದವರಿಗೂ ಪ್ರಕಾಶಕರಿಗೂ ಹಣ ಸಲ್ಲುತ್ತದೆ, ಹಾಡಿದವರಿಗೆ ಸಲ್ಲುವುದಿಲ್ಲ. ಟೀನಾ ಬದುಕಿದ್ದಷ್ಟೂ ಕಾಲ ಇದೇ ನಿಯಮ ನಡೆಯಿತು. ಆಕೆಯ ದನಿಗಾಗಿಯೇ ಜನ ರೇಡಿಯೋ ಜೋರು ಮಾಡಿದರೂ ಆ ಪ್ರಸಾರದಿಂದ ಆಕೆಗೆ ಬಿಡಿಗಾಸಿಲ್ಲ. ಮನೆಯನ್ನು ಎತ್ತಿಹಿಡಿದವಳಿಗೆ ಮನೆಯಲ್ಲಿ ಪಾಲಿಲ್ಲ ಎಂಬ ಮಾತು ನಮಗೇನೂ ಹೊಸತಲ್ಲ ಬಿಡಿ.

ಫಾಗರ್ಟಿಗಾದರೂ ಆ ಹಣ ಸುಖವಾಗಿ ಸೇರಿತೆ ಎಂದರೆ ಅದೂ ಇಲ್ಲ. ಹಾಡುಗಳ ಹಕ್ಕು ಫ್ಯಾಂಟಸಿ ಎಂಬ ಕಂಪನಿಯ ಕೈಸೇರಿತ್ತು. ಆತ 1984ರಲ್ಲಿ ಹೊಸ ಹಾಡೊಂದನ್ನು ಹಾಡಿದಾಗ, ಇದು ನಮ್ಮ ಒಡೆತನದಲ್ಲಿರುವ ನಿನ್ನದೇ 1970ರ ಹಾಡಿನ ನಕಲು ಎಂದು ಕಂಪನಿ ಮೊಕದ್ದಮೆ ಹೂಡಿತು. ತಾನು ತನ್ನನ್ನೇ ಕದ್ದ ಆರೋಪ! ಆತ ಗಿಟಾರ್ ಹಿಡಿದು ಸಾಕ್ಷಿಕಟ್ಟೆ ಹತ್ತಿ, ನುಡಿಸಿ ತೋರಿಸಿ, 1988ರಲ್ಲಿ ಗೆದ್ದ. ಅಸಲು-ನಕಲಿನ ಚಟ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಇದಕ್ಕಿಂತ ಸಾಕ್ಷಿ ಬೇಕೆ? ಕಂಪನಿಗೆ ಲಾಭವಾಗಬಾರದೆಂದು ಆತ ಹಳೆಯ ಹಾಡುಗಳನ್ನೇ ಹಾಡದೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ. ಆ ಹಟ ನನಗೆ ಅರ್ಥವಾಗುತ್ತದೆ. ಆದರೆ ಬಾಯಿ ಮುಚ್ಚಿಕೊಂಡಿರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅದೇ ಕಾಲದಲ್ಲಿ ಟೀನಾ ತಲೆಯ ಮೇಲಿನ ಸಾಲ ತೀರಿಸಲು ಕರೆದ ಕಡೆಯೆಲ್ಲ ಹಾಡುತ್ತಿದ್ದಳು.

1987ರಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನ ವೇದಿಕೆಯಲ್ಲಿ ಬಾಬ್ ಡಿಲನ್ ಫಾಗರ್ಟಿಗೆ ಹೇಳಿದನಂತೆ, ನೀನು ‘ಪ್ರೌಡ್ ಮೇರಿ’ ಹಾಡದಿದ್ದರೆ ಜನ ಅದನ್ನು ಟೀನಾ ಟರ್ನರಳ ಹಾಡೆಂದೇ ತಿಳಿದುಬಿಡುತ್ತಾರೆ ಎಂದು. ಫಾಗರ್ಟಿಯೇ ಹೇಳುವ ಪ್ರಸಂಗವಿದು. ಆತ ಹಾಡಿದ, ಒಳ್ಳೆಯದೇ ಆಯಿತು. ಅಭಿಮಾನಿಗಳು ಈ ಕಥೆಯನ್ನು ಅಸಲು ಗೆದ್ದ ಕಥೆಯೆಂದು ನಕ್ಕು ಹೇಳುತ್ತಾರೆ. ನನಗೆ ಇದರಲ್ಲಿ ಕೇಳಿಸುವುದೇ ಬೇರೆ. ಜನ ಆಗಲೇ ತೀರ್ಪು ಕೊಟ್ಟಾಗಿತ್ತು, ಅದನ್ನು ಡಿಲನ್ನನಂಥವನು ಒಪ್ಪಿಕೊಂಡೂ ಆಗಿತ್ತು. ಅಷ್ಟಕ್ಕೂ ಫಾಗರ್ಟಿ ಟೀನಾಳ ಹಾಡನ್ನು ಮನಸಾರೆ ಹೊಗಳಿದವನೇ. ಅವನಿಗಿಲ್ಲದ ಸಂಕಟ ಅವನ ಅಭಿಮಾನಿಗಳಿಗೇಕೋ!

ಫಾಗರ್ಟಿಗೆ ತನ್ನ ಹಾಡುಗಳ ಬಹುಪಾಲು ಹಕ್ಕು ಮರಳಿ ಸಿಕ್ಕಿದ್ದು 2023ರ ಜನವರಿಯಲ್ಲಿ, 77ನೆಯ ವಯಸ್ಸಿನಲ್ಲಿ. ಅದೇ ವರ್ಷ ಮೇ 24ರಂದು ಟೀನಾ ಸ್ವಿಟ್ಜರ್ಲೆಂಡಿನ ತನ್ನ ಮನೆಯಲ್ಲಿ ತೀರಿಕೊಂಡಳು. ಆಕೆಯ ಕೊನೆಯ ಸಂಗೀತ ಪ್ರವಾಸ 2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮುಗಿದಾಗ ಆಕೆಗೆ 69 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತೇವೆ. ಆ ಪ್ರವಾಸದಲ್ಲೂ ‘ಪ್ರೌಡ್ ಮೇರಿ’ ಇತ್ತು, ಮೊದಲು ಮೆಲ್ಲಗೆ, ಆಮೇಲೆ ಒರಟಾಗಿ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ.