ಹಳೆಯ ಟಿ.ವಿ. ಎಲ್ಲಿಗೆ ಹೋಗಬೇಕು?

ಮನೆಗೆ ಹೊಸ ಟಿ.ವಿ. ಬಂದ ಕೂಡಲೇ ಹಳೆಯ ಡಬ್ಬಿ ಟಿ.ವಿ.ಯನ್ನು ಗುಜರಿಗೆ ಹಾಕಿ ಮರೆತುಬಿಡುತ್ತೇವೆ. ಆದರೆ ಅದರ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ದೊಡ್ಡ ಟ್ಯೂಬಿನಲ್ಲಿ ಒಂದೆರಡು ಕಿಲೋ ಇರಬಹುದು. ತಾಮ್ರಕ್ಕಾಗಿ ಅದನ್ನು ಒಡೆಯುವ, ವೈರ್ ಸುಡುವ ಕೆಲಸವನ್ನು ಹಲವೆಡೆ ನಮ್ಮ ವಯಸ್ಸಿನ ಹುಡುಗರೇ ಬರಿಗೈಯಲ್ಲಿ ಮಾಡುತ್ತಾರೆ. ಸೀಸ ಮೆದುಳಿಗೆ, ಅದರಲ್ಲೂ ಮಕ್ಕಳ ಮೆದುಳಿಗೆ ವಿಷ. ಉಳಿದ ಗಾಜು ಮೋರಿ ಪಾಲಾದರೆ ಮುಂದೆ ಅರ್ಕಾವತಿ. ಆ ನದಿ ಮಾಗಡಿ, ರಾಮನಗರ, ಕನಕಪುರ ತಾಲ್ಲೂಕುಗಳನ್ನು ಹಾದು ಸಂಗಮದಲ್ಲಿ ಕಾವೇರಿ ಸೇರುತ್ತದೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರದ್ದು, ಕೆಲಸ ನೋಂದಾಯಿತ ಘಟಕಗಳದ್ದು. ಮಾಗಡಿಯಿಂದ ಅಷ್ಟೇನೂ ದೂರವಲ್ಲದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಘಟಕ ಶುರುವಾಯಿತು. ಆದರೆ ಚನ್ನಪಟ್ಟಣದಿಂದ ಒಂದೇ ಒಂದು ಟಿ.ವಿ. ಹೊತ್ತು ಅಲ್ಲಿಗೆ ಹೋಗುವವರು ಯಾರು?

ಆದ್ದರಿಂದ ನನ್ನ ಸಲಹೆ: ವರ್ಷಕ್ಕೊಂದು ದಿನ ಕಾಲೇಜಿನಲ್ಲೇ ಇವನ್ನು ಸಂಗ್ರಹಿಸಿ, ನೋಂದಾಯಿತ ಘಟಕಕ್ಕೆ ಒಟ್ಟಿಗೆ ಕಳಿಸಿ ರಸೀದಿ ಪಡೆಯೋಣ. ಓಡುವ ಟಿ.ವಿ.ಯನ್ನು ಬೇಕಾದವರಿಗೆ ಕೊಡೋಣ. ಕೆಟ್ಟದ್ದನ್ನು ಅಲ್ಲಿಯವರೆಗೆ ಒಡೆಯದೆ ಮನೆಯಲ್ಲೇ ಇಟ್ಟಿರಿ. ಉಪನ್ಯಾಸಕರು ಒಪ್ಪಿದರೆ, ಹೊರುವ ಕೆಲಸಕ್ಕೆ ಮೊದಲ ಹೆಸರು ನನ್ನದು.